ಕೈಕಾಲು ಬೀಳದ ಲಕ್ವ

ಕಳೆದ ಕಾರ್ತಿಕದ ಮಾತು. ಜೆ.ಪಿ. ನಗರದ ನನ್ನ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಆಟೊ ಒಂದು ಬಂದು ನಿಂತಿತ್ತು. ಒಳಗಿದ್ದವರು ಅರವತ್ತೆರಡು ವರ್ಷದ ನಿವೃತ್ತ ಮೇಷ್ಟ್ರು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಹತ್ತು ವರ್ಷದಿಂದ ನನ್ನಲ್ಲೇ ಔಷಧಿ ತೆಗೆದುಕೊಳ್ಳುತ್ತಿದ್ದವರು. ಒಂದು ಕಡೆ ಆಟೊ ಚಾಲಕ, ಇನ್ನೊಂದು ಕಡೆ ಅವರ ಪತ್ನಿ ಹಿಡಿದುಕೊಂಡು ಒಳಗೆ ಕರೆತಂದರು. ಮುಖವೆಲ್ಲ ಬೆವರು. ಕೈಯಲ್ಲಿ ವಾಂತಿಗೆಂದು ಹಿಡಿದ ಪ್ಲಾಸ್ಟಿಕ್ ಚೀಲ.

“ಗ್ಯಾಸ್ಟ್ರಿಕ್ ಇರಬೇಕು ಡಾಕ್ಟ್ರೇ. ರಾತ್ರಿ ಮದುವೆ ಮನೆ ಊಟ ಆಗಿತ್ತು. ಬೆಳಿಗ್ಗೆಯಿಂದ ತಲೆ ಸುತ್ತು ಅಂತಾರೆ, ಎರಡು ಸಲ ವಾಂತಿ ಆಯ್ತು. ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಸರಿ ಹೋಗ್ತಾರೆ” ಎಂದರು ಆಕೆ.

ಮೇಷ್ಟ್ರಿಗೆ ಎರಡೂ ಕೈ ಎತ್ತಲು ಹೇಳಿದೆ. ಎತ್ತಿದರು. ನನ್ನ ಬೆರಳನ್ನು ಬಿಗಿಯಾಗಿ ಹಿಡಿಯಿರಿ ಎಂದೆ. ಎರಡೂ ಕೈಯಲ್ಲಿ ಒಂದೇ ಶಕ್ತಿ. ಕಾಲುಗಳೂ ಸರಿಯಾಗಿದ್ದವು. ನಗಲು ಹೇಳಿದರೆ ಬಾಯಿ ಸೊಟ್ಟಗಾಗಲಿಲ್ಲ. ರಕ್ತದೊತ್ತಡ ಸ್ವಲ್ಪ ಹೆಚ್ಚು, ಅಷ್ಟೆ. ಇದು ಲಕ್ವ ಅಲ್ಲ ಎಂದು ಯಾರಾದರೂ ಹೇಳಿಬಿಡಬಹುದಿತ್ತು.

ಅಷ್ಟರಲ್ಲಿ ಅವರ ಪತ್ನಿ ಇನ್ನೊಂದು ಮಾತು ಸೇರಿಸಿದರು. “ಇವತ್ತು ಇವರದ್ದು ಎಲ್ಲಾ ವಿಚಿತ್ರ ಡಾಕ್ಟ್ರೇ. ಸ್ನಾನಕ್ಕೆ ಹೋದವರು ನೀರೇ ಕಾದಿಲ್ಲ ಅಂತ ಕೂಗಾಡಿದರು. ನಾನು ಹೋಗಿ ಬಕೆಟ್‌ಗೆ ಕೈ ಹಾಕಿದರೆ ಚುರ್ ಅಂತು. ಅಂಥಾ ಬಿಸಿನೀರು!”

ಆ ಒಂದು ಮಾತಿನಿಂದ ಎಲ್ಲವೂ ಬದಲಾಯಿತು. ಕ್ಲಿನಿಕ್ಕಿನ ಫ್ರಿಜ್‌ನಿಂದ ತಣ್ಣನೆಯ ಬಾಟಲಿಯೊಂದನ್ನು ತೆಗೆದು ಮೇಷ್ಟ್ರ ಎಡಗೈಗೆ ಮುಟ್ಟಿಸಿದೆ. “ಏನೋ ಮುಟ್ಟಿದ್ದು ಗೊತ್ತಾಯ್ತು” ಎಂದರು. ಬಲಗೈಗೆ ಮುಟ್ಟಿಸಿದೆ. “ಅಯ್ಯೋ, ತಣ್ಣಗಿದೆ” ಎಂದು ಕೈ ಎಳೆದುಕೊಂಡರು. ಮುಖಕ್ಕೆ ಮುಟ್ಟಿಸಿದಾಗ ತಿರುಗುಮುರುಗು. ಎಡ ಕೆನ್ನೆಗೆ ತಂಪು ಗೊತ್ತಾಯಿತು, ಬಲ ಕೆನ್ನೆಗೆ ಗೊತ್ತಾಗಲಿಲ್ಲ. ಆಮೇಲೆ ಸರಿಯಾಗಿ ನೋಡಿದೆ. ಬಲಗಣ್ಣಿನ ರೆಪ್ಪೆ ಕೊಂಚ ಜೋತಿತ್ತು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದಾಗಿತ್ತು. ನಲವತ್ತು ಮಕ್ಕಳ ತರಗತಿಯನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುತ್ತಿದ್ದ ದನಿ ಗೊಗ್ಗರಾಗಿತ್ತು. ಕುರ್ಚಿಯಲ್ಲಿ ಕೂರಿಸಿದರೆ ಬಲಕ್ಕೆ ವಾಲುತ್ತಿದ್ದರು.

ಇದು ಲಕ್ವವೇ. ಕೈಕಾಲು ಬೀಳದ ಲಕ್ವ. ಮೆದುಳಿನ ಕಾಂಡದ ಬಲಭಾಗದಲ್ಲಿ, ಅದರ ಕೆಳ ತುದಿಯಲ್ಲಿ, ಪಕ್ಕಕ್ಕೆ ರಕ್ತದ ಹರಿವು ನಿಂತಿದೆ ಎಂದು ಯಾವ ಸ್ಕ್ಯಾನೂ ಇಲ್ಲದೆ ಹೇಳಬಹುದಿತ್ತು. ಅದು ಹೇಗೆ ಸಾಧ್ಯ, ಮನೆಯಲ್ಲಿರುವ ನಿಮಗೆ ಅದರಿಂದ ಏನು ಉಪಯೋಗ ಎಂಬುದೇ ಈ ವಾರದ ವಿಷಯ.

ಹೆಬ್ಬೆರಳಿನ ದಪ್ಪದ ಕಾಂಡ

ನಮ್ಮ ಮೆದುಳನ್ನು ಹೂಕೋಸಿಗೆ ಹೋಲಿಸಿದರೆ, ಹೂವಿನ ಕೆಳಗಿನ ದಂಟೇ ಮೆದುಳಿನ ಕಾಂಡ. ದಪ್ಪದಲ್ಲಿ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು, ಉದ್ದ ಸುಮಾರು ಮೂರು ಅಂಗುಲ. ಕಣ್ಣಾರೆ ನೋಡಬೇಕೆನ್ನುವವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ವಸ್ತುಸಂಗ್ರಹಾಲಯವೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಕೆಲಸವೇ ಎಂದು ಆಶ್ಚರ್ಯವಾಗುತ್ತದೆ.

ಮೇಲಿನ ಮೆದುಳಿನಿಂದ ಕೈಕಾಲಿಗೆ ಹೋಗುವ ಪ್ರತಿಯೊಂದು ಆಜ್ಞೆಯೂ ಈ ಕಾಂಡವನ್ನು ಹಾದೇ ಹೋಗಬೇಕು. ಮೈಯಿಂದ ಮೇಲಕ್ಕೆ ಹೋಗುವ ನೋವು, ಬಿಸಿ, ಸ್ಪರ್ಶದ ಸುದ್ದಿಗಳೂ ಇಲ್ಲಿಂದಲೇ ಸಾಗಬೇಕು. ಕಣ್ಣು, ಮುಖ, ಕಿವಿ, ನಾಲಿಗೆ, ಗಂಟಲುಗಳ ನರಗಳು ಇಲ್ಲಿಂದಲೇ ಹೊರಡುತ್ತವೆ. ಉಸಿರಾಟದ ನಿಯಂತ್ರಣ, ಎಚ್ಚರದ ನಿಯಂತ್ರಣವೂ ಇಲ್ಲಿಯೇ. ನಮ್ಮ ಬಿ.ಟಿ.ಎಂ. ಬಡಾವಣೆಯ ಪಕ್ಕದ ಸಿಲ್ಕ್ ಬೋರ್ಡ್ ಜಂಕ್ಷನ್ ಇದ್ದ ಹಾಗೆ. ಅಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹೊಸೂರು ರಸ್ತೆಯವರೂ ನಿಲ್ಲುತ್ತಾರೆ, ಹೊರವರ್ತುಲ ರಸ್ತೆಯವರೂ ನಿಲ್ಲುತ್ತಾರೆ.

ಈ ಹೋಲಿಕೆಯನ್ನೇ ಇನ್ನು ಸ್ವಲ್ಪ ಮುಂದುವರಿಸೋಣ. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟ ಮಗಳು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಫೋನ್ ಮಾಡುತ್ತಾಳೆ. ಮಾರತ್‌ಹಳ್ಳಿಯಿಂದ ಹೊರಟ ಮಗನೂ ಅದನ್ನೇ ಹೇಳುತ್ತಾನೆ. ನೀವು ಮನೆಯಲ್ಲೇ ಕುಳಿತು, ಸಿಲ್ಕ್ ಬೋರ್ಡಿನಲ್ಲಿ ಏನೋ ಆಗಿದೆ ಎನ್ನುತ್ತೀರಿ. ಏಕೆಂದರೆ ಆ ಎರಡು ರಸ್ತೆಗಳು ಸೇರುವುದು ಅಲ್ಲೇ. ವೈದ್ಯರು ಮಾಡುವುದೂ ಇದನ್ನೇ. ಬಲ ಮುಖದ ನರ ಕೆಟ್ಟಿದೆ, ಎಡಗೈಯ ದಾರಿಯೂ ಕೆಟ್ಟಿದೆ. ಇವೆರಡೂ ಹತ್ತಿರ ಹತ್ತಿರ ಬರುವ ಜಾಗ ಯಾವುದು? ಮೆದುಳಿನ ಕಾಂಡ.

ಮುಖ ಒಂದು ಕಡೆ, ಮೈ ಇನ್ನೊಂದು ಕಡೆ

ಸಾಮಾನ್ಯವಾಗಿ ನಾವು ನೋಡುವ ಲಕ್ವದಲ್ಲಿ ಬಾಯಿ ಸೊಟ್ಟಗಾದ ಕಡೆಯೇ ಕೈಕಾಲೂ ಬೀಳುತ್ತವೆ. ಅದು ಮೇಲಿನ ದೊಡ್ಡ ಮೆದುಳಿನ ಲಕ್ವ. ಕಾಂಡದ ಲಕ್ವದಲ್ಲಿ ಹಾಗಲ್ಲ. ತೊಂದರೆ ಕಾಂಡದ ಬಲಭಾಗದಲ್ಲಾದರೆ ಮುಖ, ಕಣ್ಣು, ಗಂಟಲಿನ ತೊಂದರೆ ಬಲಕ್ಕೇ ಕಾಣುತ್ತದೆ. ಕೈಕಾಲಿನ ತೊಂದರೆ ಎಡಕ್ಕೆ ಕಾಣುತ್ತದೆ.

ಕಾರಣ ಸರಳ. ಮುಖದ ನರಗಳು ಕಾಂಡದಿಂದ ತಮ್ಮ ತಮ್ಮ ಕಡೆಗೇ ಹೊರಡುತ್ತವೆ. ಆದರೆ ಕೈಕಾಲನ್ನು ಆಡಿಸುವ ದಾರಿ ಕಾಂಡದ ಕೆಳ ತುದಿಗೆ ಬಂದ ಮೇಲೆ ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟುತ್ತದೆ. ಮೈಯಿಂದ ಬರುವ ನೋವು ಮತ್ತು ಬಿಸಿಯ ದಾರಿ ಅದಕ್ಕಿಂತಲೂ ಕೆಳಗೆ, ಬೆನ್ನುಹುರಿಯಲ್ಲೇ ದಾಟಿಕೊಂಡು ಮೇಲೇರುತ್ತದೆ. ಹೀಗಾಗಿ ಕಾಂಡದ ಬಲಭಾಗದಲ್ಲಿ ಬಲ ಮುಖವೂ ಎಡ ಮೈಯೂ ಅಕ್ಕಪಕ್ಕದಲ್ಲಿರುತ್ತವೆ. ಮುಖ ಒಂದು ಕಡೆ, ಮೈ ಇನ್ನೊಂದು ಕಡೆ ಎಂಬ ಈ ಅಡ್ಡ ಲಕ್ಷಣ ಕಂಡರೆ ಕಾಂಡದ ಮೇಲೆಯೇ ಮೊದಲ ಅನುಮಾನ.

ಇನ್ನು ಕಾಂಡದೊಳಗೆ ಎಲ್ಲಿ? ಜಯನಗರದಲ್ಲಿ ಮನೆ ಹುಡುಕುವಾಗ ಮೊದಲು ಯಾವ ಬ್ಲಾಕ್ ಎಂದು ಕೇಳುತ್ತೇವೆ, ಆಮೇಲೆ ಯಾವ ಮೇನ್ ಎಂದು. ಇಲ್ಲಿಯೂ ಎರಡೇ ಪ್ರಶ್ನೆ. ಮೊದಲನೆಯದು, ಯಾವ ಅಂತಸ್ತು? ಎರಡನೆಯದು, ನಡುವೆಯೋ ಪಕ್ಕದಲ್ಲೋ? 2005ರಲ್ಲಿ ಆಸ್ಟ್ರೇಲಿಯದ ನರರೋಗ ತಜ್ಞ ಪೀಟರ್ ಗೇಟ್ಸ್ ಇದನ್ನು ‘ನಾಲ್ಕರ ಸೂತ್ರ’ ಎಂಬ ಹೆಸರಿನಲ್ಲಿ ಸರಳಗೊಳಿಸಿ ಬರೆದರು. ನಮ್ಮಂಥ ಸಾಮಾನ್ಯ ವೈದ್ಯರಿಗೆ ಅದು ದೊಡ್ಡ ಉಪಕಾರ.

ಮೂರು ಅಂತಸ್ತಿನ ಮನೆ

ಮೇಲಿನ ಅಂತಸ್ತು ನಡು ಮೆದುಳು. ಕಣ್ಣಿನ ಗುಡ್ಡೆಯನ್ನು ಆಡಿಸುವ ಮತ್ತು ರೆಪ್ಪೆಯನ್ನು ಎತ್ತುವ ನರ ಇಲ್ಲಿಂದ ಹೊರಡುತ್ತದೆ. ಇಲ್ಲಿ ಲಕ್ವ ಹೊಡೆದರೆ ಒಂದು ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ರೆಪ್ಪೆ ಎತ್ತಿ ನೋಡಿದರೆ ಗುಡ್ಡೆ ಹೊರಕ್ಕೆ ತಿರುಗಿರುತ್ತದೆ, ಪಾಪೆ ದೊಡ್ಡದಾಗಿರಬಹುದು. ಜೊತೆಗೆ ಎದುರು ಕಡೆಯ ಕೈಕಾಲು ಬಲಹೀನವಾಗುತ್ತವೆ. ಲಂಡನ್ನಿನಲ್ಲಿ ವೈದ್ಯರಾಗಿದ್ದ ಜರ್ಮನ್ ಮೂಲದ ಹರ್ಮನ್ ವೆಬರ್ 1863ರಲ್ಲಿ ಇದನ್ನು ವಿವರಿಸಿದರು.

ನಡುವಿನ ಅಂತಸ್ತು ಪಾನ್ಸ್. ಕಣ್ಣನ್ನು ಹೊರಕ್ಕೆ ತಿರುಗಿಸುವ ನರ, ಮುಖದ ಸ್ನಾಯುಗಳ ನರ, ಮುಖದ ಸ್ಪರ್ಶದ ನರ, ಕಿವಿಯ ನರ ಇವು ಇಲ್ಲಿಯವು. ಇಲ್ಲಿ ಪೆಟ್ಟು ಬಿದ್ದರೆ ಒಂದು ಕಡೆಯ ಮುಖ ಹಣೆಯಿಂದ ಗಲ್ಲದವರೆಗೆ ಜೋತು ಬೀಳಬಹುದು, ಆ ಕಣ್ಣು ಮುಚ್ಚಲು ಆಗದಿರಬಹುದು, ಒಂದು ವಸ್ತು ಎರಡಾಗಿ ಕಾಣಬಹುದು. ಎದುರು ಕಡೆಯ ಕೈಕಾಲು ಸೋಲುತ್ತವೆ. ಪ್ಯಾರಿಸ್ಸಿನ ಮಿಲಾರ್ ಮತ್ತು ಗುಬ್ಲೇರ್ ಎಂಬ ವೈದ್ಯರು 1856ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು.

ಕೆಳಗಿನ ಅಂತಸ್ತು ಮೆಡುಲ್ಲಾ. ಶಾಲಾ ಪಠ್ಯದಲ್ಲಿ ನೀವು ಮಣಿಶಿರ ಎಂದು ಓದಿರಬಹುದು. ನುಂಗುವುದು, ದನಿ, ನಾಲಿಗೆ ಇವುಗಳ ನರಗಳು ಇಲ್ಲಿಯವು. ನಮ್ಮ ಮೇಷ್ಟ್ರ ದನಿ ಒಡೆದಿತ್ತು. ಆದ್ದರಿಂದ ತೊಂದರೆ ಇದೇ ಅಂತಸ್ತಿನಲ್ಲಿ.

ಈಗ ಎರಡನೆಯ ಪ್ರಶ್ನೆ. ಕೈಕಾಲಿನ ಬಲದ ದಾರಿ ಕಾಂಡದ ನಡುವೆ ಹೋಗುತ್ತದೆ. ನೋವು, ಬಿಸಿ, ತಂಪುಗಳ ದಾರಿ ಪಕ್ಕದಲ್ಲಿ ಹೋಗುತ್ತದೆ. ಮೈಯ ಸಮತೋಲದ ದಾರಿಯೂ ಪಕ್ಕದಲ್ಲೇ. ಮೇಷ್ಟ್ರ ಕೈಕಾಲು ಗಟ್ಟಿಯಾಗಿದ್ದವು, ಅಂದರೆ ನಡುಭಾಗ ಸುರಕ್ಷಿತ. ಬಿಸಿ ಗೊತ್ತಾಗುತ್ತಿರಲಿಲ್ಲ, ಮೈ ವಾಲುತ್ತಿತ್ತು, ಅಂದರೆ ಪೆಟ್ಟು ಪಕ್ಕಕ್ಕೆ. ಮುಟ್ಟಿದ್ದು ಗೊತ್ತಾಗಿ ಬಿಸಿ ಮಾತ್ರ ಗೊತ್ತಾಗದಿದ್ದುದಕ್ಕೂ ಇದೇ ಕಾರಣ. ಸ್ಪರ್ಶದ ದಾರಿ ನಡುವೆ ಬೇರೆಯೇ ಹೋಗುತ್ತದೆ. ಬಕೆಟ್ ನೀರನ್ನು ಎಡ ಭುಜಕ್ಕೆ ಸುರಿದುಕೊಂಡಾಗ ನೀರು ಬಿದ್ದದ್ದು ತಿಳಿಯಿತು, ಕಾದದ್ದು ತಿಳಿಯಲಿಲ್ಲ.

ಇದನ್ನು 1895ರಲ್ಲಿ ಸ್ಪಷ್ಟವಾಗಿ ಬರೆದವರು ಡಾನ್‌ಜಿಗ್ ನಗರದ (ಇಂದಿನ ಪೋಲೆಂಡಿನ ಗ್ದಾನ್ಸ್ಕ್) ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್. ಸಿ.ಟಿ. ಸ್ಕ್ಯಾನ್‌ನಲ್ಲಿ ರೋಗಿಯೊಬ್ಬರ ಮೆದುಳನ್ನು ಮೊದಲ ಬಾರಿಗೆ ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅಂದರೆ ಅದಕ್ಕೆ ಮುಕ್ಕಾಲು ಶತಮಾನ ಮೊದಲೇ ಈತ ರೋಗಿಯ ಲಕ್ಷಣಗಳನ್ನು ಕೂಡಿಸಿ, ಕಳೆದು, ಪೆಟ್ಟು ಎಲ್ಲಿ ಬಿದ್ದಿದೆ, ಯಾವ ರಕ್ತನಾಳ ಮುಚ್ಚಿದೆ ಎಂದು ಊಹಿಸಿದ್ದರು. ರೋಗಿ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ 1901ರಲ್ಲಿ ಪ್ರಕಟಿಸಿದರು. ಊಹೆ ಸರಿಯಾಗಿತ್ತು. ಇಂದಿಗೂ ಈ ಬಗೆಯ ಲಕ್ವಕ್ಕೆ ಅವರದೇ ಹೆಸರು.

ನಾನು ಮಾಡಿದ ತಪ್ಪು

ಮೇಷ್ಟ್ರ ಪತ್ನಿಯ ಮಾತು ನನಗೆ ತಟ್ಟನೆ ತಟ್ಟಿದ್ದಕ್ಕೆ ಕಾರಣವಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದೆ.

ಬನಶಂಕರಿಯ ಕಡೆಯ ಅಡುಗೆ ಭಟ್ಟರೊಬ್ಬರು. ಮದುವೆ, ಮುಂಜಿಗಳಿಗೆ ನೂರಾರು ಜನಕ್ಕೆ ಅಡುಗೆ ಮಾಡುವವರು. ವಯಸ್ಸು ಐವತ್ತರ ಆಸುಪಾಸು. ತಲೆಸುತ್ತು, ವಾಂತಿ ಎಂದು ಬಂದರು. ನಿಲ್ಲದ ಬಿಕ್ಕಳಿಕೆ ಬೇರೆ. ಕೈಕಾಲು ಗಟ್ಟಿಯಾಗಿದ್ದವು. ಬೆಂಕಿಯ ಮುಂದೆ ರಾತ್ರಿಯೆಲ್ಲ ನಿಂತದ್ದರಿಂದ ಹೀಗಾಗಿದೆ ಎಂದುಕೊಂಡು ತಲೆಸುತ್ತಿಗೊಂದು, ಹೊಟ್ಟೆಗೊಂದು ಮಾತ್ರೆ ಬರೆದುಕೊಟ್ಟೆ. ಅವರ ಮಗ ಹೊರಡುವಾಗ, “ಸಾರ್, ನೀರು ಕುಡಿದರೆ ಮೂಗಿಗೆ ಬರ್ತಿದೆ ಅಂತಾರೆ” ಎಂದ. ವಾಂತಿಯಿಂದ ಗಂಟಲು ಕೆರೆದಿರುತ್ತದೆ, ಸರಿಹೋಗುತ್ತದೆ ಎಂದೆ.

ಮೂರನೆಯ ದಿನ ಜ್ವರ, ಏದುಸಿರು. ನುಂಗಿದ ಅನ್ನ, ನೀರು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಹಲವು ವಾರ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡರು. ಆದರೆ ಕೊಪ್ಪರಿಗೆಯ ಮುಂದೆ ನಿಂತು ಅಡುಗೆ ಮಾಡುವ ಕಸುಬಿಗೆ ಮರಳಲಿಲ್ಲ. ನೆಟ್ಟಗೆ ನಿಲ್ಲಲು ಒಂದು ಕೈಯಲ್ಲಿ ಗೋಡೆ ಹಿಡಿಯಬೇಕಾಗುತ್ತಿತ್ತು.

ಆ ಹುಡುಗ ನನ್ನ ಕೈಗೆ ರೋಗದ ವಿಳಾಸವನ್ನೇ ಕೊಟ್ಟಿದ್ದ. ನಾನು ಓದಲಿಲ್ಲ. ಅಂದಿನಿಂದ ಮನೆಯವರು ಬಾಗಿಲಲ್ಲಿ ನಿಂತು ಹೇಳುವ ಕೊನೆಯ ಮಾತನ್ನು ಕುಳಿತು ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಎಚ್ಚರವಿದ್ದೂ ಸೆರೆಯಾದವರು

ಕತ್ತಿನ ಹಿಂಭಾಗದಲ್ಲಿ ಎರಡು ರಕ್ತನಾಳಗಳು ಮೇಲೇರಿ, ಕಾಂಡದ ಮುಂದೆ ಸೇರಿ, ಬೇಸಿಲರ್ ಎಂಬ ಒಂದೇ ನಾಳವಾಗುತ್ತವೆ. ಆ ನಾಳವೇ ಮುಚ್ಚಿದರೆ ಪಾನ್ಸ್‌ನ ಎರಡೂ ಪಕ್ಕ ಸತ್ತುಹೋಗಬಹುದು. ಆಗ ರೋಗಿ ಕೈ ಆಡಿಸಲಾರ, ಕಾಲು ಆಡಿಸಲಾರ, ಮಾತಾಡಲಾರ, ನುಂಗಲಾರ. ನೋಡುವವರು ಜ್ಞಾನ ತಪ್ಪಿದೆ ಎಂದುಕೊಳ್ಳುತ್ತಾರೆ. ಆದರೆ ಕೆಲವರಿಗೆ ಪೂರ್ತಿ ಎಚ್ಚರವಿರುತ್ತದೆ! ಎಲ್ಲವೂ ಕೇಳಿಸುತ್ತದೆ, ಅರ್ಥವಾಗುತ್ತದೆ. ರೆಪ್ಪೆ ಮಿಟುಕಿಸುವುದು ಮತ್ತು ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು ಮಾತ್ರ ಉಳಿದಿರುತ್ತದೆ. ಅವುಗಳ ನಿಯಂತ್ರಣ ಮೇಲಿನ ಅಂತಸ್ತಿನಲ್ಲಿ ಇರುವುದೇ ಇದಕ್ಕೆ ಕಾರಣ.

ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ಡೊಮಿನಿಕ್ ಬೋಬಿ ಎಂಬುವರಿಗೆ 1995ರ ಡಿಸೆಂಬರ್‌ನಲ್ಲಿ ಹೀಗಾಯಿತು. ಒಬ್ಬರು ಅಕ್ಷರಗಳನ್ನು ಓದುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಇವರು ಎಡಗಣ್ಣನ್ನು ಮಿಟುಕಿಸುವುದು. ಹೀಗೆ ಒಂದು ಇಡೀ ಪುಸ್ತಕವನ್ನೇ ಬರೆಸಿದರು. ಅದು 1997ರಲ್ಲಿ ಹೊರಬಂತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಆದ್ದರಿಂದ ಮಲಗಿದ ರೋಗಿಯ ಮುಂದೆ ಖರ್ಚಿನ ಮಾತು, ಆಸ್ತಿಯ ಮಾತು, ‘ಇನ್ನೇನು ಉಳಿದಿದೆ’ ಎಂಬ ಮಾತು ಬೇಡ. ಹತ್ತಿರ ಹೋಗಿ, ಕೇಳಿಸಿದರೆ ಎರಡು ಸಲ ಕಣ್ಣು ಮಿಟುಕಿಸಿ, ಮೇಲೆ ನೋಡಿ ಎಂದು ಕೇಳಿ. ಉತ್ತರ ಬಂದರೆ ವೈದ್ಯರಿಗೆ ತಿಳಿಸಿ.

ಎಲ್ಲ ತಲೆಸುತ್ತೂ ಲಕ್ವವಲ್ಲ

ಇಷ್ಟು ಓದಿ ಗಾಬರಿಯಾಗಬೇಡಿ. ತಲೆಸುತ್ತೆಂದು ಬರುವ ಬಹುಪಾಲು ಜನರಿಗೆ ತೊಂದರೆ ಇರುವುದು ಒಳಗಿವಿಯಲ್ಲಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿ ತೆಗೆಯಲು ತಲೆ ಎತ್ತಿದಾಗ ಕೋಣೆಯೇ ತಿರುಗಿದಂತಾಗಿ, ಒಂದು ನಿಮಿಷದೊಳಗೆ ನಿಂತುಹೋದರೆ ಅದು ಸಾಧಾರಣವಾಗಿ ಕಿವಿಯದ್ದು. ತಲೆಯನ್ನು ಕ್ರಮವಾಗಿ ತಿರುಗಿಸಿ ಮಾಡುವ ಚಿಕಿತ್ಸೆಯಿಂದಲೇ ವಾಸಿಯಾಗುತ್ತದೆ. ಹಾಗೆಯೇ ಒಂದು ಕಡೆಯ ಮುಖ ಪೂರ್ತಿ ಜೋತು, ಬೇರೆ ಏನೂ ತೊಂದರೆ ಇಲ್ಲದಿದ್ದರೆ ಅದು ಮುಖದ ನರದ ಊತ ಇರಬಹುದು. ಅದನ್ನೂ ಬೇಗ ತೋರಿಸಬೇಕು, ಆದರೆ ಅದು ಲಕ್ವವಲ್ಲ.

ತಲೆಸುತ್ತು ಇದ್ದಕ್ಕಿದ್ದಂತೆ ಶುರುವಾಗಿ, ಅಲುಗಾಡದೆ ಮಲಗಿದರೂ ನಿಲ್ಲದೆ, ಅದರ ಜೊತೆ ಈ ಕೆಳಗಿನ ಒಂದಾದರೂ ಇದ್ದರೆ ಕಾಯಬೇಡಿ:

1. ಹಿಡಿಯದೆ ನಿಲ್ಲಲು, ನಡೆಯಲು ಆಗದಿರುವುದು. ಒಂದೇ ಕಡೆಗೆ ಬೀಳುವುದು.
2. ಒಂದು ವಸ್ತು ಎರಡಾಗಿ ಕಾಣುವುದು, ಹೊಸದಾಗಿ ಮೆಳ್ಳೆಗಣ್ಣಾಗುವುದು, ಒಂದು ರೆಪ್ಪೆ ಜೋಲುವುದು.
3. ಮಾತು ತೊದಲುವುದು, ದನಿ ಒಡೆಯುವುದು, ಕುಡಿದದ್ದು ಮೂಗಿಗೆ ಬರುವುದು.
4. ಮುಖದ ಅಥವಾ ಮೈಯ ಒಂದು ಪಕ್ಕ ಮರಗಟ್ಟುವುದು, ಬಿಸಿ ತಂಪು ತಿಳಿಯದಿರುವುದು.
5. ತಲೆಯ ಹಿಂಭಾಗದಲ್ಲಿ ಅಥವಾ ಕತ್ತಿನಲ್ಲಿ ಹಿಂದೆಂದೂ ಇಲ್ಲದ ನೋವು.

ಮಾತು ತೊದಲುವುದು, ಎರಡೆರಡಾಗಿ ಕಾಣುವುದು ಇವು ತಲೆಸುತ್ತಿಲ್ಲದೆ ಇದ್ದಕ್ಕಿದ್ದಂತೆ ಬಂದರೂ ಅಷ್ಟೇ ಗಂಭೀರ. ಹತ್ತು ನಿಮಿಷದಲ್ಲಿ ತಾವಾಗಿಯೇ ಸರಿಹೋದರೂ ಸುಮ್ಮನಿರಬೇಡಿ. ದೊಡ್ಡ ಲಕ್ವಕ್ಕೆ ಮೊದಲು ಬರುವ ಎಚ್ಚರಿಕೆ ಕೆಲವೊಮ್ಮೆ ಅದೇ.

ಸ್ಕ್ಯಾನ್ ನಾರ್ಮಲ್ ಬಂದರೆ?

ಮೇಷ್ಟ್ರ ಮೊದಲ ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮಗ ಫೋನ್ ಮಾಡಿ, “ಎಲ್ಲಾ ನಾರ್ಮಲ್ ಅಂತೆ ಡಾಕ್ಟರ್, ಮನೆಗೆ ಕರೆದುಕೊಂಡು ಹೋಗಬಹುದಾ?” ಎಂದು ಕೇಳಿದರು. ಬೇಡ, ಅಲ್ಲಿಯ ನರರೋಗ ತಜ್ಞರು ನೋಡುವವರೆಗೆ ಕದಲಬೇಡಿ ಎಂದೆ.

ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಕಾಂಡದ ಸುತ್ತ ದಪ್ಪ ಮೂಳೆಗಳಿರುವುದರಿಂದ ಅಲ್ಲಿಯ ಸಣ್ಣ ಲಕ್ವವನ್ನು ಮೊದಲ ಗಂಟೆಗಳಲ್ಲಿ ಬಹಳ ಸಲ ತೋರಿಸುವುದಿಲ್ಲ. ಎಂ.ಆರ್.ಐ. ಇದಕ್ಕಿಂತ ಎಷ್ಟೋ ಮೇಲು. ಆದರೂ ಮೊದಲ ಒಂದೆರಡು ದಿನ ಅದೂ ಕೆಲವೊಮ್ಮೆ ತಪ್ಪುತ್ತದೆ. ನಿಲ್ಲದ ತಲೆಸುತ್ತಿನ ರೋಗಿಗಳಲ್ಲಿ, ತರಬೇತಾದ ತಜ್ಞರು ಹಾಸಿಗೆಯ ಪಕ್ಕದಲ್ಲೇ ಮಾಡುವ ಕಣ್ಣಿನ ಚಲನೆಯ ಪರೀಕ್ಷೆ ಆರಂಭದ ಎಂ.ಆರ್.ಐ.ಗಿಂತ ಹೆಚ್ಚು ಲಕ್ವಗಳನ್ನು ಹಿಡಿಯಿತು ಎಂದು 2009ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಅದನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ. ತಿಳಿಯಬೇಕಾದದ್ದು ಇಷ್ಟೆ. ಲಕ್ಷಣ ಕೂಗಿ ಹೇಳುತ್ತಿರುವಾಗ ಸ್ಕ್ಯಾನಿನ ಮೌನವನ್ನು ನಂಬಿ ಮನೆಗೆ ಹೊರಡಬಾರದು.

ಮನೆಯವರು ಮಾಡಬೇಕಾದದ್ದು

ಮೊದಲು ಗಡಿಯಾರ ನೋಡಿ. ರೋಗಿ ಕೊನೆಯದಾಗಿ ಪೂರ್ತಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಮೇಷ್ಟ್ರು ಬೆಳಿಗ್ಗೆ ಆರು ಗಂಟೆಗೆ ತಾವೇ ನಡೆದುಹೋಗಿ ನಂದಿನಿ ಹಾಲಿನ ಪ್ಯಾಕೆಟ್ ತಂದಿದ್ದರು. ಆ ಒಂದು ವಿವರದಿಂದ ಚಿಕಿತ್ಸೆಯ ಬಾಗಿಲು ತೆರೆದಿತ್ತು. ಬೇಸಿಲರ್ ನಾಳ ಮುಚ್ಚಿದ್ದರೆ, ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ತೆಳು ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುವ ವಿಧಾನವಿದೆ. ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಇದರಿಂದ ಪ್ರಯೋಜನವಿದೆ ಎಂದು 2022ರಲ್ಲಿ ಪ್ರಕಟವಾದ ಚೀನಾದ ಅಧ್ಯಯನಗಳು ತೋರಿಸಿವೆ. ಹಾಗೆಂದು ನಿಧಾನ ಮಾಡುವಂತಿಲ್ಲ.

ಎರಡನೆಯದಾಗಿ, ಬಾಯಿಗೆ ಏನೂ ಹಾಕಬೇಡಿ. ನೀರು, ಕಾಫಿ, ಗ್ಲೂಕೋಸ್, ಮಾತ್ರೆ ಯಾವುದೂ ಬೇಡ. ಭಟ್ಟರಿಗೆ ಆದದ್ದು ನೆನಪಿರಲಿ. ನುಂಗುತ್ತಾರೋ ನೋಡೋಣ ಎಂದು ಪರೀಕ್ಷಿಸಲೂ ಬೇಡ. ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ.

ಮೂರನೆಯದಾಗಿ, ಆಸ್ಪಿರಿನ್ ನುಂಗಿಸಬೇಡಿ. ಒಳಗೆ ಹೆಪ್ಪುಗಟ್ಟಿದೆಯೋ ರಕ್ತ ಸೋರಿದೆಯೋ ಸ್ಕ್ಯಾನ್ ಆಗದೆ ಗೊತ್ತಾಗದು. ರಕ್ತದೊತ್ತಡ ಏರಿದೆಯೆಂದು ನಾಲಿಗೆಯ ಕೆಳಗೆ ಮಾತ್ರೆ ಇಡಬೇಡಿ. ಒತ್ತಡ ಒಮ್ಮೆಲೇ ಕುಸಿದರೆ ಮೆದುಳಿಗೆ ಇನ್ನಷ್ಟು ಹಾನಿ. ಕತ್ತು ತಿಕ್ಕುವುದು, ಪಾರಿವಾಳದ ರಕ್ತ ಸವರುವುದು, ನಾಟಿ ಔಷಧಿಗೆಂದು ಊರಿಂದೂರಿಗೆ ಕರೆದೊಯ್ಯುವುದು ಇವೆಲ್ಲ ಸಿಗಬಹುದಾಗಿದ್ದ ಚಿಕಿತ್ಸೆಯನ್ನು ಕೈತಪ್ಪಿಸುತ್ತವೆ.

ನಾಲ್ಕನೆಯದಾಗಿ, ನನ್ನಂಥವರ ಕ್ಲಿನಿಕ್ಕಿಗೂ ಬರಬೇಡಿ. ಅಂದು ಆ ಆಟೊ ನನ್ನ ಬಾಗಿಲಿಗೆ ಬರದೆ ನೇರ ಆಸ್ಪತ್ರೆಗೆ ಹೋಗಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಿ. ಹಗಲೂ ರಾತ್ರಿ ಸ್ಕ್ಯಾನ್ ಮತ್ತು ಲಕ್ವದ ಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಬೇಕು. ನಮ್ಮ ಭಾಗದವರಿಗೆ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗ ದೂರವಿಲ್ಲ. ನಿಮ್ಮ ಮನೆಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಫೋನ್ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಹೋಗುವಾಗ ರೋಗಿ ದಿನವೂ ನುಂಗುವ ಮಾತ್ರೆಗಳ ಡಬ್ಬಿಯನ್ನು ಹಿಡಿದುಕೊಳ್ಳಿ.

ಬಾರದಂತೆ ನೋಡಿಕೊಳ್ಳುವುದು

ಇದಕ್ಕೆ ಹೊಸ ಮಂತ್ರವಿಲ್ಲ. ರಕ್ತದೊತ್ತಡ, ಸಕ್ಕರೆ, ಕೊಬ್ಬು ಹತೋಟಿಯಲ್ಲಿರಲಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿ. ನಾಡಿ ತಾಳ ತಪ್ಪಿ ಹೊಡೆಯುತ್ತಿದ್ದರೆ ಹೃದಯ ಪರೀಕ್ಷೆ ಮಾಡಿಸಿ. ಒತ್ತಡ ನಾರ್ಮಲ್ ಆಯಿತೆಂದು ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ನುಂಗುತ್ತಿರುವುದರಿಂದಲೇ ಅದು ನಾರ್ಮಲ್ ಆಗಿದೆ.

ಒಂದು ಮಾತು ಕಿರಿಯರಿಗೆ. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡ ಮೇಲೆ ಕತ್ತನ್ನು ಆ ಕಡೆ ಈ ಕಡೆ ಲಟಕ್ಕೆನ್ನಿಸುವ ಪದ್ಧತಿಯಿದೆ. ಸುಖವೆನಿಸಬಹುದು. ಆದರೆ ಕಾಂಡಕ್ಕೆ ರಕ್ತ ಒಯ್ಯುವ ನಾಳಗಳು ಕತ್ತಿನ ಮೂಳೆಗಳ ರಂಧ್ರಗಳಲ್ಲೇ ಹಾದುಹೋಗುತ್ತವೆ. ಜೋರಾಗಿ ತಿರುಚಿದರೆ ಅವುಗಳ ಒಳಪದರ ಹರಿಯಬಹುದು. ಆಗ ಮೂವತ್ತರ ವಯಸ್ಸಿನಲ್ಲೂ ಲಕ್ವ ಬರಬಹುದು. ತಲೆ ತಿಕ್ಕಲಿ, ಕತ್ತು ಬೇಡ ಎಂದು ಕೂರುವಾಗಲೇ ಹೇಳಿಬಿಡಿ.

ಮೇಷ್ಟ್ರಿಗೆ ಸಮಯಕ್ಕೆ ಔಷಧಿ ಸಿಕ್ಕಿತು. ಎರಡನೆಯ ದಿನದ ಎಂ.ಆರ್.ಐ.ಯಲ್ಲಿ ಮೆಡುಲ್ಲಾದ ಬಲಪಕ್ಕದಲ್ಲಿ ಕಡಲೆಕಾಳಿನಷ್ಟು ಚುಕ್ಕೆ ಕಂಡಿತು. ಮೂರು ವಾರ ಮೂಗಿನ ಕೊಳವೆಯಿಂದ ಆಹಾರ, ಆಮೇಲೆ ಗಂಜಿ, ಆಮೇಲೆ ಮೆತ್ತನೆಯ ಅನ್ನ. ಈಗ ಸಂಜೆ ಬಡಾವಣೆಯ ಪಾರ್ಕಿನಲ್ಲಿ ಎರಡು ಸುತ್ತು ನಡೆಯುತ್ತಾರೆ. ದನಿ ಮರಳಿದೆ, ಗದರಿಕೆಯೂ ಮರಳಿದೆ ಎಂದು ಅವರ ಪತ್ನಿ ದೂರುತ್ತಾರೆ. ಎಡ ಮೈಗೆ ಮಾತ್ರ ಬಿಸಿ ಇನ್ನೂ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಸ್ನಾನಕ್ಕೆ ಮೊದಲು ಬಲಗೈಯನ್ನು ಬಕೆಟ್ಟಿಗೆ ಅದ್ದಿ ನೋಡಬೇಕೆಂದು ಹೇಳಿಕೊಟ್ಟಿದ್ದೇನೆ.

ಅವರು ಅದ್ದಿ ನೋಡುತ್ತಾರಂತೆ. ಆದರೂ ಆಕೆ ತಮ್ಮ ಕೈಯನ್ನೂ ಒಮ್ಮೆ ಹಾಕಿ ನೋಡದೆ ಒಳಗೆ ಬಿಡುವುದಿಲ್ಲವಂತೆ.